ಕೆತ್ತದ ಹೆಸರು

ಇಪ್ಪತ್ತೆರಡು ವರ್ಷಗಳಿಂದ ಸಮಾಧಿ ಕಲ್ಲುಗಳ ಮೇಲೆ ಹೆಸರು ಕೆತ್ತುತ್ತ ಬಂದ ಆತನನ್ನು ಊರಿನವರು ಉಳಿಯಣ್ಣ ಎಂದೇ ಕರೆಯುತ್ತಿದ್ದರು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು, ಕಲ್ಲಿನ ಮೇಲಿನ ತಪ್ಪು ಕೆತ್ತಿದವನಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ಅವನ ಗುರು ಕಲಿಸಿದ ಮೊದಲ ಪಾಠ. ಆದ್ದರಿಂದ ಸುತ್ತಿಗೆ ಎತ್ತುವ ಮುನ್ನ ಪ್ರತಿಯೊಂದು ಹೆಸರನ್ನೂ ಮೂರು ಬಾರಿ ಬಾಯಿಬಿಟ್ಟು ಓದುವುದು ಅವನ ರೂಢಿ. ಮೂರನೆಯ ಓದು ಮುಗಿದ ಮೇಲೆ ಉಳಿ ಕಲ್ಲಿಗೆ ತಾಗುತ್ತಿತ್ತು. ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಅವನ ಭಯ ಹುಟ್ಟಿದ್ದೂ ಆ ಓದಿನಿಂದಲೇ. ಹಿರಿಯ ಮಗಳು ಮೂರು ತಿಂಗಳ ಕೂಸಾಗಿದ್ದಾಗ ಅವಳದೇ ಹೆಸರಿನ ಚಿಕ್ಕದೊಂದು ಕಲ್ಲು ಕೆಲಸಕ್ಕೆ ಬಂತು. ಬೇರೆ ಯಾರದೋ ಮಗು, ಹನ್ನೊಂದು ತಿಂಗಳು ಬದುಕಿತ್ತಂತೆ. ಮೂರನೆಯ ಬಾರಿ ಓದುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಉಳಿ ಬಿಸುಟು ಮನೆಗೆ ಓಡಿ, ಮಲಗಿದ್ದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟ. ಬೆರಳಿನ ಕಲ್ಲುಪುಡಿ ಮೂಗಿಗೇರಿ ಮಗು ಸೀನಿ, ಎಚ್ಚರಗೊಂಡು, ಮನೆ ಹಾರಿಹೋಗುವಂತೆ ಅತ್ತಿತು. ಈಗ ಅವಳಿಗೆ ಏಳು ವರ್ಷ, ಗೋಡೆ ಹತ್ತಿ ಜಿಗಿಯುವ ಪೋರಿ. ಆದರೂ ಅವಳು ಮಲಗಿದ್ದರೆ ಅವನ ಬೆರಳು ತಾನಾಗಿಯೇ ಅವಳ ಮೂಗಿನತ್ತ ಹೋಗುತ್ತಿತ್ತು.

ಇಂಥವನಿಗೆ ಎರಡನೆಯ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದಳು. ಅವನ ಅಂಗೈಗಿಂತ ತುಸು ದೊಡ್ಡದಾದ ದೇಹ, ಬೆನ್ನ ಮೇಲೆ ನವಿರಾದ ಕೂದಲು. ಆಸ್ಪತ್ರೆಯ ಬಿಸಿ ಕೋಣೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ, ಕಾಲಿಗೆ ‘ಒಂಬತ್ತು’ ಎಂಬ ಚೀಟಿ ಕಟ್ಟಿದ್ದರು.

“ಹೆಸರು ಕೊಡಿ ಅಣ್ಣಾ,” ಎಂದಳು ನರ್ಸಮ್ಮ. “ಶುಕ್ರವಾರ ನೋಂದಣಿ ಕಾಗದ ಕಳಿಸ್ಬೇಕು. ಎಷ್ಟು ದಿನ ಅಂತ ಒಂಬತ್ತು, ಒಂಬತ್ತು ಅನ್ಲಿ?”

“ಕೊಡ್ತೀನಮ್ಮ,” ಎಂದು ಅವನು ಜಾರಿಕೊಂಡ. ಹೀಗೆ ಜಾರಿಕೊಂಡದ್ದು ಅದು ನಾಲ್ಕನೆಯ ಸಲ.

ಕೆಲಸದ ಕೊಟ್ಟಿಗೆಯಲ್ಲಿ ಗುರು ಬಿಟ್ಟುಹೋದ ಅಕ್ಷರ ಮಾದರಿಗಳ ಪುಸ್ತಕವಿತ್ತು. ಅದರ ಕೊನೆಯ ಹಾಳೆಯಲ್ಲಿ ಪುರಾತನ ಗ್ರೀಸಿನ ಲಿಪಿ, ಮಾದರಿಗೆಂದು ಮೂವತ್ತು ಹೆಣ್ಣು ಹೆಸರುಗಳು, ಪ್ರತಿಯೊಂದರ ಕೆಳಗೂ ಅವನು ಓದಬಲ್ಲ ಅಕ್ಷರದಲ್ಲಿ ಅದರ ಉಚ್ಚಾರ. ಅಷ್ಟು ಹಳೆಯ, ಅಷ್ಟು ದೂರದ ಹೆಸರುಗಳನ್ನು ತಾನು ಕೆತ್ತಿರಲಾರೆ ಎಂದುಕೊಂಡು ಆ ಹಾಳೆಯನ್ನು ಬಿಡಿಸಿ ಮನೆಗೆ ತಂದ. ಊಟದ ಮೇಜಿನ ಮೇಲೆ ಹರಡಿ, ಪೆನ್ಸಿಲ್ ಹಿಡಿದು ಕೂತರೆ ಒಂದೊಂದೇ ನೆನಪಿಗೆ ಬಂದವು. ಹೆಲೆನ್, ಚರ್ಚಿನ ಸ್ಮಶಾನದಲ್ಲಿ ನಾಲ್ಕು ಕಲ್ಲು. ಸೋಫಿಯಾ, ಆರು. ಐರೀನ್, ಎರಡು. ದಾಫ್ನೆ, ಒಂದೇ ಒಂದು, ಈಜಲು ಹೋದ ಹುಡುಗಿ. ಗೀಟು ಎಳೆದೆಳೆದು ಕೊನೆಗೆ ಉಳಿದದ್ದು ಏಳೇ ಹೆಸರು.

ಅವನ ತಾಯಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. “ಏನೋ ಇದು, ಹೆಸರೋ ಔಷಧಿ ಅಂಗಡಿ ಚೀಟಿಯೋ? ಕ್ಲಿ...ಯೋ...ಬು...ಲೀನ! ಇದನ್ನ ಕರೆದು ಮುಗಿಸೋಷ್ಟರಲ್ಲಿ ಮಗು ಶಾಲೆಗೆ ಹೋಗಿ ವಾಪಸ್ ಬಂದಿರತ್ತೆ.”

ಹೆಂಡತಿ ನಗಲಿಲ್ಲ. ದಿನಕ್ಕೆ ಮೂರು ಬಾರಿ ಆಸ್ಪತ್ರೆಗೆ ಹಾಲು ಒಯ್ದು ಕೊಟ್ಟು ಬರುವ ಅವಳ ಕಣ್ಣು ಗುಳಿ ಬಿದ್ದಿತ್ತು. “ರೀ, ಹುಟ್ಟಿದವಳಿಗೆ ಹೆಸರು ಹುಡುಕ್ತಿದೀರೋ, ಸತ್ತವರನ್ನ ಎಣಿಸ್ತಿದೀರೋ?”

“ನಾನು ಕೆತ್ತದೆ ಇರೋ ಹೆಸರು ಬೇಕು ಕಣೇ. ಅಷ್ಟೇ.”

“ಹೆಸರು ಇಡದೆ ಇದ್ರೆ ಸಾವು ವಿಳಾಸ ಸಿಗ್ಲಿಲ್ಲ ಅಂತ ಹಿಂದಕ್ಕೆ ಹೋಗತ್ತಾ?”

ಅವನ ಮನಸ್ಸಿನೊಳಗೆ ಇದ್ದದ್ದು ಅದೇ ಮಾತು. ಅದನ್ನು ಅವಳು ಇಷ್ಟು ಸಲೀಸಾಗಿ ಹೊರಗೆಳೆದು ಮೇಜಿನ ಮೇಲಿಟ್ಟಳಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಭಯ ಮಾತ್ರ ಎಳ್ಳಷ್ಟೂ ಇಳಿಯಲಿಲ್ಲ.

ಅವಳು ಹಾಳೆಯನ್ನು ತನ್ನತ್ತ ತಿರುಗಿಸಿ ಒಂದು ಹೆಸರಿನ ಮೇಲೆ ಬೆರಳೂರಿದಳು. “ಯೂಡೋರಾ. ಇದಿರ್ಲಿ.”

“ನಾನು ಡೋರಾ ಅಂತ ಕರೀತೀನಪ್ಪ,” ಎಂದಳು ಅವನ ತಾಯಿ. “ಮುಂದಿರೋ ‘ಯೂ’ನ ನೆಂಟರು ಬಂದಾಗ ಸೇರಿಸ್ಕೊಳ್ಳಿ.”

ಅವನು ಪೆನ್ಸಿಲ್ ಕೆಳಗಿಟ್ಟ. ಹೆಸರನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಅವನಿಗಾಗಲಿಲ್ಲ. ಅವನ ನಾಲಿಗೆ ಹೆಸರನ್ನು ಗಟ್ಟಿಯಾಗಿ ನುಡಿದರೆ, ಹಿಂದೆಯೇ ಕೈ ಉಳಿಗಾಗಿ ತಡಕಾಡುತ್ತದೆ. ಆ ಎರಡನ್ನೂ ಇಪ್ಪತ್ತೆರಡು ವರ್ಷ ಒಂದೇ ನೊಗಕ್ಕೆ ಕಟ್ಟಿ ದುಡಿಸಿದ್ದ.

ಗುರುವಾರ ಆ ಹೆಸರಿನ ಅರ್ಥ ಕೇಳಲೆಂದು ಗ್ರಂಥಾಲಯಕ್ಕೆ ಹೋದ. ಅಲ್ಲಿನ ಮೇಡಂ ದಪ್ಪ ನಿಘಂಟು ತೆರೆದು, “ಒಳ್ಳೆ ಕೊಡುಗೆ ಅಂತ ಅರ್ಥ. ಚೆನ್ನಾಗಿದೆಯಲ್ಲ!” ಎಂದರು. ಆಮೇಲೆ ಅವನ ಹಾಳೆಯ ಅಡಿಯಲ್ಲಿದ್ದ ಇರುವೆಗಾತ್ರದ ಸಾಲನ್ನು ಬೆಳಕಿಗೆ ಹಿಡಿದರು. “ಇದನ್ನ ಓದಿದ್ರಾ? ಈ ಹೆಸರುಗಳೆಲ್ಲ ಅಲ್ಲಿನ ಹಳೇ ಸಮಾಧಿ ಕಲ್ಲುಗಳಿಂದ ನಕಲು ಮಾಡಿದ್ದಂತೆ. ನಿಮ್ಮಂಥ ಕೆಲಸದವರೇ ಯಾರೋ ಕೆತ್ತಿರೋದು.”

ಅವನು ಹಾಳೆಯ ಮೇಲೆ ಬಗ್ಗಿದ. “ಮೇಡಂ... ಯಾರೂ ಕೆತ್ತದೆ ಇರೋ ಹೆಸರು ಒಂದಾದ್ರೂ ಇದೆಯಾ ಇದ್ರಲ್ಲಿ?”

“ಕೆತ್ತದೆ ಇದ್ದಿದ್ರೆ ನಮಗೆ ಹೇಗೆ ಸಿಗ್ತಿತ್ತು? ಎರಡು ಸಾವಿರ ವರ್ಷ ಯಾವ ಕಾಗದ ಉಳಿಯತ್ತೆ, ನೀವೇ ಹೇಳಿ.”

ಕಲ್ಲಿನಿಂದ ತಪ್ಪಿಸಿಕೊಂಡು ಓಡಿದವನು ಮತ್ತೊಂದು ಕಲ್ಲಿಗೇ ಹಣೆ ಜಜ್ಜಿಕೊಂಡಿದ್ದ. ಹಾಳೆಯನ್ನು ಮಡಚಿ ಜೇಬಿಗಿಟ್ಟು ಹೊರಬಂದ.

ಶುಕ್ರವಾರ ಬೆಳಿಗ್ಗೆ ಹೆಸರಿನ ಜಾಗ ಖಾಲಿ ಬಿಟ್ಟ ನೋಂದಣಿ ಕಾಗದದೊಂದಿಗೆ ಬಿಸಿ ಕೋಣೆಗೆ ಹೋದ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದರೂ ಉಗುರಿನ ಸಂದಿಯ ಬಿಳಿ ಪುಡಿ ಹೋಗಿರಲಿಲ್ಲ. ಇನ್ನೊಂದು ವಾರ ಕಾಲಾವಕಾಶ ಕೊಡಿ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಒಂಬತ್ತನೆಯ ಪೆಟ್ಟಿಗೆಯ ಯಂತ್ರ ಕೀರಲು ದನಿಯಲ್ಲಿ ಕೂಗಿಕೊಂಡಿತು. ಮಗುವಿನ ಎದೆ ಏರುತ್ತಿರಲಿಲ್ಲ. ತುಟಿಯ ಸುತ್ತ ನೀಲಿ ಹರಡುತ್ತಿತ್ತು.

ನರ್ಸಮ್ಮ ಪೆಟ್ಟಿಗೆಯ ಕಿಂಡಿಯೊಳಗೆ ಕೈ ತೂರಿಸಿ ಮಗುವಿನ ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. “ಉಸಿರಾಡೋದು ಮರೆತಿದಾಳೆ. ಬೇಗ ಹುಟ್ಟಿದ ಮಕ್ಕಳು ಹೀಗೇ. ಅಣ್ಣಾ, ಏನು ಕಂಬದ ಹಾಗೆ ನಿಂತಿದೀರಿ? ಕರೀರಿ!”

ಏನೆಂದು ಕರೆಯುವುದು? ಒಂಬತ್ತು ಎಂದೇ?

“ಯೂಡೋರಾ,” ಎಂದ. “ಯೂಡೋರಾ!” ನರ್ಸಮ್ಮ ಮತ್ತೆ ಅಂಗಾಲಿಗೆ ಚಿಮ್ಮಿದಳು. “ಯೂಡೋರಾ!”

ಮೂರಾಯಿತು. ಸುತ್ತಿಗೆ ಏಳುವ ಹೊತ್ತು. ಅವನ ಬಲಗೈ ಗಾಳಿಯಲ್ಲಿ ಮುಷ್ಟಿ ಕಟ್ಟಿಕೊಂಡದ್ದನ್ನು ಅವನೇ ಕಂಡ. ಆ ಮುಷ್ಟಿಯನ್ನು ಬಿಡಿಸಿ, ಗಾಜಿಗೆ ಅಂಗೈಯೊತ್ತಿ, ನಾಲ್ಕನೆಯ ಬಾರಿ ಕೂಗಿದ; ಐದನೆಯ ಬಾರಿ; ಆರನೆಯ ಬಾರಿ.

ಗುಬ್ಬಿಯೆದೆ ಒಮ್ಮೆ ಬಿಕ್ಕಿ ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು. ಯಂತ್ರ ಸುಮ್ಮನಾಯಿತು.

“ಬಂದ್ಳು,” ಎಂದು ನರ್ಸಮ್ಮ ತೋಳಿನಿಂದ ಹಣೆ ಒರೆಸಿಕೊಂಡಳು. “ಬರೀರಿ ಈಗ. ಇವತ್ತಿನ ಮಟ್ಟಿಗೆ ಸರಿ. ನಾಳೆ ಮತ್ತೆ ಮರೀಬಹುದು, ಹೇಳೋಕಾಗಲ್ಲ.”

ಮಗುವನ್ನು ಎಬ್ಬಿಸಿದ್ದು ನರ್ಸಮ್ಮನ ಬೆರಳೇ ಹೊರತು ತನ್ನ ಕೂಗಲ್ಲ ಎಂಬುದನ್ನು ಅರಿಯದಷ್ಟು ದಡ್ಡನಲ್ಲ ಅವನು. ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆಯತೊಡಗಿದ. ಕರಿಕಲ್ಲಿನಲ್ಲಿ ಕೂದಲೆಳೆಯಷ್ಟೂ ಅಲುಗದ ಕೈ ಕಾಗದದ ಮೇಲೆ ಅದುರಿ, ಮೊದಲ ಅಕ್ಷರ ಗೆರೆಯ ಕೆಳಗೆ ಜಾರಿತು. ಅದನ್ನು ತಿದ್ದದೆ ಹಾಗೆಯೇ ಬಿಟ್ಟು, ಹೆಸರು ಪೂರ್ತಿ ಮಾಡಿ, ಗಾಜಿನ ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತ.

ಹೆಂಡತಿ ಹಾಲು ಹಿಡಿದು ಬರುವ ಹೊತ್ತಿಗೂ ಅವನು ಅಲ್ಲೇ ಇದ್ದ. ಕಣ್ಣು ಮಗುವಿನ ಎದೆಯ ಮೇಲೆ. ತುಟಿ ಆ ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಎಷ್ಟನೆಯ ಸಲವೋ ಅವನಿಗೂ ತಿಳಿದಿರಲಿಲ್ಲ. ಎಲ್ಲಿ ನಿಲ್ಲಿಸಿಬಿಡುತ್ತೇನೋ ಎಂಬ ಹೆದರಿಕೆಯೊಂದೇ ಅವನಲ್ಲಿ ಉಳಿದಿತ್ತು.