ಎಡಗಡೆ ಸೀಟಿನ ನೀಲಿ ಕ್ಲಿಪ್ಪು

ಅತ್ತೆಯನ್ನು ಶಿವಮೊಗ್ಗದ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅದಕ್ಕೆಂದು ಮೊನ್ನೆ ಬೆಳಿಗ್ಗೆ ಕಾರು ಗುಡಿಸುತ್ತಿದ್ದಾಗ ಎಡಗಡೆ ಸೀಟಿನ ಅಡಿಯಿಂದ ಬಟ್ಟೆ ಒಣಹಾಕುವ ಕ್ಲಿಪ್ಪೊಂದು ಪೊರಕೆಗೆ ಸಿಕ್ಕಿ ಹೊರಬಂತು. ನೀಲಿ ಬಣ್ಣದ್ದು, ತುದಿ ಮುರಿದದ್ದು. ನಮ್ಮ ಮನೆಯದಲ್ಲ. ಯಾರದೆಂದು ಯೋಚಿಸಬೇಕಾಗಲಿಲ್ಲ. ಪೊರಕೆ ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ...

ಅದು ಎದುರುಮನೆ ಅಕ್ಕನದು. ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಬಾಗಿಲು ತೆರೆದರೆ ಅವರ ಬಾಗಿಲು ಕಾಣುತ್ತಿತ್ತು. ಗಂಡ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಅಕ್ಕನದು ಭಾರೀ ಮೈ, ಅದಕ್ಕಿಂತ ಭಾರೀ ನಗು. ಮಂಡಿಗಳು ಮಾತ್ರ ಮೈಯ ಮಾತು ಕೇಳುತ್ತಿರಲಿಲ್ಲ. ಶಿವಮೊಗ್ಗದ ವಿದ್ಯಾನಗರದಲ್ಲಿದ್ದ ಅವರ ತಂಗಿ ಲಕ್ವ ಹೊಡೆದು ಮಲಗಿದ್ದರು. ಬೇರೆ ಯಾರು ತುತ್ತು ಹಿಡಿದರೂ ಆಕೆ ಬಾಯಿ ಬಿಡುತ್ತಿರಲಿಲ್ಲ, ಅಕ್ಕನೇ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವರು ಪಡುವ ಪಾಡು ನೋಡಲಾರದೆ, ‘ನಾನು ದಿನಾ ಆಫೀಸಿಗೆ ಅದೇ ದಾರೀಲಿ ಹೋಗ್ತೀನಲ್ಲ, ಬನ್ನಿ ಅಕ್ಕ’ ಎಂದು ನಾನೇ ಕರೆದಿದ್ದೆ.

ಮೊದಲ ದಿನ ಸೀಟ್‌ಬೆಲ್ಟ್ ಎಳೆದುಕೊಂಡವರು, “ಇದು ಬೆಲ್ಟೋ ನೇಣೋ ಮಾರಾಯ್ತಿ?” ಎಂದರು. ಮರುದಿನ ತಂತಿಯ ಮೇಲಿನ ಕ್ಲಿಪ್ಪೊಂದನ್ನು ತಂದು, ಬೆಲ್ಟು ಒಳಗೆ ಸರಿಯದಂತೆ ಮೇಲುಗಡೆ ಸಿಕ್ಕಿಸಿ ಸಡಿಲ ಮಾಡಿಕೊಂಡರು. ಹಾಗೆಲ್ಲ ಮಾಡಬಾರದು ಎಂದು ನಾನು ಹೇಳಿದ್ದೂ ದಂಡ.

ಕೆಲವು ತಿಂಗಳು ಹೀಗೆ ನಡೆಯಿತು. ಆಮೇಲೆ ಕಾರು ನಡುಗಲು ಶುರುಮಾಡಿತು. ಮಾಚೇನಹಳ್ಳಿ ಹತ್ತಿರ ಲಾರಿ ದಾಟೋಣವೆಂದು ಎಕ್ಸಲರೇಟರ್ ಒತ್ತಿದರೆ ಸಾಕು, ಇಡೀ ಗಾಡಿ ಗಡಗಡ ಎನ್ನುತ್ತಿತ್ತು, ಅಕ್ಕನ ಮಡಿಲಲ್ಲಿದ್ದ ಗಂಜಿಯ ಡಬ್ಬಿ ಸದ್ದು ಮಾಡುತ್ತಿತ್ತು. ಕಾಲು ತೆಗೆದರೆ ತೆಪ್ಪಗಾಗುತ್ತಿತ್ತು. “ನಿನ್ನ ಕಾರಿಗೆ ಚಳಿಜ್ವರ ಕಣೇ,” ಎಂದು ಅಕ್ಕ ನಗುತ್ತಿದ್ದರು. ವಿಚಿತ್ರವೆಂದರೆ, ಅವರನ್ನು ಇಳಿಸಿ ಮುಂದೆ ಹೋದರೆ ಜ್ವರ ಮಾಯ. ಭಾನುವಾರ ನಮ್ಮವರು ಓಡಿಸಿ, ಕಡ್ಡಿಯಂಥ ನಾನು ಪಕ್ಕದಲ್ಲಿ ಕೂತಾಗಲೂ ಇಲ್ಲ.

ಇದನ್ನು ನಾನು ಅತ್ತೆಯ ಎದುರು ಆಡಬಾರದಿತ್ತು.

“ಅವಳು ಹತ್ತಿದ ಮೇಲೇ ಅಲ್ವಾ ಶುರುವಾಗಿದ್ದು? ಕೆಲವರ ಕಾಲ್ಗುಣ ಹಂಗೇ,” ಎಂದರು ಅತ್ತೆ. ಅಂದು ಸಂಜೆಯೇ ಉಪ್ಪು ಮೆಣಸಿನಕಾಯಿ ಹಿಡಿದು ಕಾರಿಗೆ ಸುತ್ತಿ ನಿವಾಳಿಸಿ, ಅಂಗಳದಲ್ಲಿ ಕೆಂಡಕ್ಕೆ ಹಾಕಿದರು. ಘಾಟು ಬರಲಿಲ್ಲ. ಮೆಣಸಿನಕಾಯಿ ಹಳತಾಗಿತ್ತೋ ಏನೋ, ಅತ್ತೆಗೆ ಮಾತ್ರ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನಾನು ನಕ್ಕೆ. ಆದರೆ ಮರುದಿನ ಅಕ್ಕ ಬಾಗಿಲು ಹಿಡಿದು ಕಷ್ಟದಿಂದ ಕಾರು ಹತ್ತುವಾಗ, ನನ್ನ ಕಣ್ಣು ಅವರ ಕಾಲಿನ ಕಡೆ ಹೋಯಿತು. ನಂಬಿದೆ ಎಂದಲ್ಲ, ನಂಬಲಿಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ಆ ಒಂದು ನೋಟಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮನೆಯಲ್ಲಿ ದಿನಾ ಅದೇ ಮಾತು. ಕಡೆಗೆ ಬೇಸತ್ತು, ಆಫೀಸಿಗೆ ಇನ್ನು ಮೇಲೆ ಬೇಗ ಹೋಗಬೇಕು ಎಂದು ಅಕ್ಕನಿಗೆ ಸುಳ್ಳು ಹೇಳಿದೆ. “ಆಯ್ತು ಬಿಡು, ನನ್ನಿಂದ ನಿಂಗ್ಯಾಕೆ ತೊಂದ್ರೆ,” ಎಂದರು. ಸುಳ್ಳಿಗೆ ತಕ್ಕಂತೆ ಬೇಗ ಹೊರಟರೆ, ಬಸ್‌ಸ್ಟಾಪಿನಲ್ಲಿ ಅವರು ಇನ್ನೂ ಬೇಗ ಬಂದು ಡಬ್ಬಿ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೈ ಎತ್ತಿದರು. ನಿಲ್ಲಿಸೆಂದಲ್ಲ, ಸುಮ್ಮನೆ, ಹೋಗಿ ಬಾ ಎಂಬಂತೆ...

ಕಾರನ್ನು ಗ್ಯಾರೇಜಿಗೂ ತೋರಿಸಿದೆ. ಮೆಕ್ಯಾನಿಕ್ಕು ಪ್ಲಗ್ ಬದಲಾಯಿಸಿ, ಒಬ್ಬನೇ ಒಂದು ಸುತ್ತು ಓಡಿಸಿಕೊಂಡು ಬಂದ. “ಖಾಲಿ ಗಾಡೀಲಿ ಬರ್ತಾ ಇಲ್ಲ ಮೇಡಂ. ನಡುಗೋದು ಯಾವಾಗ?”

“ಎದುರುಮನೆ ಅಕ್ಕ ಕೂತ್ರೆ.”

ಅವನು ನಗಲಿಲ್ಲ. “ಹಂಗಾದ್ರೆ ಅವ್ರನ್ನೇ ಕರ್ಕೊಂಡ್ ಬನ್ನಿ. ಅದೇ ಸೀಟು, ಅದೇ ಲೋಡು ಬೇಕು.”

ಯಾವ ಬಾಯಲ್ಲಿ ಕರೆಯುವುದು? ಹೇಗೋ ಕರೆದೆ. ಅಕ್ಕ ಇಸ್ತ್ರಿ ಸೀರೆ ಉಟ್ಟುಕೊಂಡು ಬಂದರು. ಕ್ಲಿಪ್ಪು ಬೆಲ್ಟಿನ ಮೇಲೇ ಇತ್ತು, ಸವರಿ ನೋಡಿ ಕೂತರು. ಮೆಕ್ಯಾನಿಕ್ಕು ಹೈವೇಗೆ ತಂದು ಎಕ್ಸಲರೇಟರ್ ಒತ್ತಿದ. ಕಾರು ಗಡಗಡ ನಡುಗಿತು. “ಸಿಕ್ತು!” ಎಂದು ಅವನು ಸ್ಟಿಯರಿಂಗ್ ತಟ್ಟಿದ. ಗ್ಯಾರೇಜಿಗೆ ವಾಪಸ್ ಬಂದು ಗಾಡಿ ಎತ್ತಿ ತೋರಿಸಿದಾಗ, ಎಂಜಿನ್ನಿನಿಂದ ಎಡಗಡೆ ಚಕ್ರಕ್ಕೆ ಹೋಗುವ ಆಕ್ಸಲ್ಲಿನ ಒಳಗಿನ ಜಾಯಿಂಟು ಸವೆದುಹೋಗಿತ್ತು. ಆ ಕಡೆ ಭಾರ ಬಿದ್ದು ಗಾಡಿ ತಗ್ಗಿದರೆ ಜಾಯಿಂಟು ಓರೆಯಾಗುತ್ತದೆ, ಆಗ ವೇಗ ಕೊಟ್ಟರೆ ನಡುಕ. “ಇಷ್ಟು ಬೇಗ ಗೊತ್ತಾಗಿದ್ದೇ ಈ ಅಮ್ಮನಿಂದ. ಬಿಟ್ಟಿದ್ರೆ ದಾರೀಲೇ ಕೈ ಕೊಡ್ತಿತ್ತು,” ಎಂದ.

“ನನ್ನ ದಪ್ಪ ಕಡೆಗೂ ಒಂದು ಕೆಲ್ಸಕ್ಕೆ ಬಂತಲ್ಲ ಮಾರಾಯ್ತಿ!” ಎಂದು ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ಸೀಟಿನ ಮೇಲೆ ಒಂದು ಅಕ್ಕಿ ಮೂಟೆ ಇಟ್ಟಿದ್ದರೂ ಸಾಕಿತ್ತು ಎಂದು ನನಗೆ ಆಮೇಲೆ ಹೊಳೆಯಿತು.

ಜಾಯಿಂಟು ಬದಲಾಯಿಸಿದ ಸಂಜೆ ಅವರ ಮನೆಗೆ ಹೋಗಿ, “ನಾಳೆಯಿಂದ ಬನ್ನಿ ಅಕ್ಕ, ಆಫೀಸು ಮೊದಲಿನ ಟೈಮಿಗೇ,” ಎಂದೆ. ಅವರು ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

“ಬೇಡ ಕಣೇ. ನಾಳೆ ಟೈರು ಪಂಕ್ಚರ್ ಆದ್ರೂ ನಿಮ್ಮತ್ತೆ ಮತ್ತೆ ಮೆಣಸಿನಕಾಯಿ ಸುಡ್ತಾರೆ. ನಂಗೆ ಬಸ್ಸೇ ಸರಿ.”

ಎದುರುಮನೆಯವರಿಗೆ ನಮ್ಮ ಅಂಗಳದ ಕೆಂಡ ಕಾಣದೆ ಇರುತ್ತದೆಯೇ? ಎಲ್ಲ ತಿಳಿದೇ ಅವರು ಇಸ್ತ್ರಿ ಸೀರೆ ಉಟ್ಟು ಬಂದಿದ್ದರು.

ಮಳೆಗಾಲ ಹಿಡಿದ ಮೇಲೆ ಬಸ್ಸಿನ ಮೆಟ್ಟಿಲು ಅವರ ಕೈಲಾಗಲಿಲ್ಲ. ದಿನಾ ಹೋಗುತ್ತಿದ್ದವರು ವಾರಕ್ಕೊಮ್ಮೆ ಹೋಗುವಂತಾದರು, ಆಮೇಲೆ ಅದೂ ನಿಂತಿತು. ನಾನು ಮತ್ತೆ ಮತ್ತೆ ಕರೆದೆ, ಅವರು ಬರಲಿಲ್ಲ. ತಂಗಿ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ಜಗಲಿಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಅವತ್ತು ಮಾತ್ರ ನನ್ನ ಕಾರು ಹತ್ತಿದರು. ದಾರಿಯುದ್ದಕ್ಕೂ ಕಾರು ಒಮ್ಮೆಯೂ ನಡುಗಲಿಲ್ಲ. “ಯಾರ ಕೈಲಿ ಉಂಡ್ಳೋ...” ಎಂದರು, ಅಷ್ಟೇ. ಇಳಿಯುವಾಗ ಕ್ಲಿಪ್ಪು ಬಿದ್ದಿರಬೇಕು. ಹೋದ ವರ್ಷ ಅವರೂ ಹೋದರು. ಎದುರುಮನೆಗೆ ಈಗ ಬೇರೆಯವರು ಬಂದಿದ್ದಾರೆ.

ಮೊನ್ನೆ ಅತ್ತೆ, ತಾವೂ ಮಂಡಿ ಹಿಡಿದುಕೊಂಡು, ಅದೇ ಸೀಟಿನಲ್ಲಿ ಕೂತರು. ಸೇತುವೆ ದಾಟುವಷ್ಟರಲ್ಲಿ ಬೆಲ್ಟನ್ನು ಎಳೆದಾಡುತ್ತಾ, “ಇದು ಕುತ್ತಿಗೆಗೇ ಬರುತ್ತಲ್ಲೇ, ಏನಾದ್ರೂ ಮಾಡು,” ಎಂದರು.

ಕಾರು ಪಕ್ಕಕ್ಕೆ ನಿಲ್ಲಿಸಿದೆ. ಕ್ಲಿಪ್ಪು ನನ್ನ ಬ್ಯಾಗಿನಲ್ಲೇ ಇತ್ತು. ಅಕ್ಕ ಸಿಕ್ಕಿಸುತ್ತಿದ್ದ ಜಾಗದಲ್ಲೇ ಸಿಕ್ಕಿಸಿದೆ.

“ಹಾಂ, ಈಗ ಸುಖವಾಯ್ತು ನೋಡು,” ಎಂದು ಅತ್ತೆ ಸೀಟಿಗೆ ಒರಗಿದರು. “ಎಲ್ಲಿತ್ತೇ ಈ ಕ್ಲಿಪ್ಪು?”

ಇಲ್ಲೇ ಬಿದ್ದಿತ್ತು ಎಂದೆ. ಕಾರನ್ನು ಮತ್ತೆ ರಸ್ತೆಗೆ ತಂದೆ.