ಬೀಳಬೇಕಾದ ಕೋರೆಹಲ್ಲು

ನನ್ನ ಗಂಡ ಹಲ್ಲು ಕಟ್ಟುವವರು. ಮೂವತ್ತು ವರ್ಷದಿಂದ ಅದೇ ಕೆಲಸ, ಕಿಟಕಿ ಪಕ್ಕದ ಅದೇ ಮೇಜು. ಹಲ್ಲಿನ ಸೆಟ್ಟು ಕೊಡುವ ಮುನ್ನ ಬಂದವರನ್ನು ಕೂರಿಸಿ ಕೆಮ್ಮಿಸುತ್ತಾರೆ, ಸೇಬು ಕಚ್ಚಿಸುತ್ತಾರೆ, ಕೊನೆಗೆ "ಜೋರಾಗಿ ನಗಿ" ಎನ್ನುತ್ತಾರೆ. ನಗುವಂಥದ್ದು ಏನನ್ನೂ ಹೇಳದೆ, ಮುಖ ಗಂಟು ಹಾಕಿಕೊಂಡು ಹಾಗೆನ್ನುತ್ತಾರೆ. ಪಾಪ, ಜನ ನಗುತ್ತಾರೆ. ಹಲ್ಲು ಕೂದಲೆಳೆಯಷ್ಟು ಅಲುಗಿದರೂ ಸೆಟ್ಟು ಮತ್ತೆ ಮೇಜಿಗೆ ಹೋಗುತ್ತದೆ, ಒಳಗೆ ಊಟ ಆರಿ ತಣ್ಣಗಾಗುತ್ತದೆ.

ಇಂಥವರನ್ನು ಹುಡುಕಿಕೊಂಡು ಒಬ್ಬ ಸಿನಿಮಾ ನಿರ್ದೇಶಕ ಬಂದ. ಹಳೆಯ ರಕ್ತಪಿಶಾಚಿ ಸಿನಿಮಾಗಳನ್ನು ಗೇಲಿ ಮಾಡುವ ಚಿತ್ರವಂತೆ. ಕರಿ ನಿಲುವಂಗಿಯ ಪಿಶಾಚಿ ನಾಯಕಿಯ ಕುತ್ತಿಗೆಗೆ ಬಾಯಿ ಹಾಕಬೇಕು, ಅಷ್ಟರಲ್ಲಿ ಕೋರೆಹಲ್ಲು ಕಳಚಿ ಅವಳ ಚಹಾದ ಕಪ್ಪಿಗೆ ಬೀಳಬೇಕು.

ಇವರು ಮಾಡಿಕೊಟ್ಟದ್ದು ಬೀಳಲಿಲ್ಲ. "ಸ್ವಲ್ಪ ಸಡಿಲ ಮಾಡಿ ಸಾರ್" ಎಂದು ನಿರ್ದೇಶಕ ವಾಪಸ್ ತಂದ. ಎರಡನೆಯದೂ ಬೀಳಲಿಲ್ಲ. ಪಿಶಾಚಿಯ ಪಾತ್ರದವನು ಅದನ್ನು ಹಾಕಿಕೊಂಡೇ ಮಧ್ಯಾಹ್ನದ ಊಟ ಮುಗಿಸಿದನಂತೆ. ಅದನ್ನು ಕೇಳಿ ನಮ್ಮವರ ಮುಖ ಅರಳಿತು. ನನಗೆ ಮೈಯೆಲ್ಲ ಉರಿಯಿತು.

"ಬೀಳೋದೇ ಅದರ ಕೆಲಸ ಕಣ್ರೀ. ಮಾಡಿಕೊಟ್ಟು ಕೈ ತೊಳ್ಕೊಳ್ಳಿ" ಎಂದೆ.

"ಊರವರೆಲ್ಲ ನೋಡ್ತಾರೆ ಕಣೇ. ನಾಳೆ ನನ್ನ ಮುಂದೆ ಯಾರು ಬಾಯಿ ತೆಗೀತಾರೆ?"

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಒಂದು ವಾರ ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ, ಪರದೆಯ ಮೇಲೆ ತಮ್ಮ ಹೆಸರು ಹಾಕಬಾರದೆಂದು ನಿರ್ದೇಶಕನಿಂದ ಮಾತು ತೆಗೆದುಕೊಂಡು, ನಾಲಿಗೆಯಿಂದ ಒತ್ತಿದರೆ ಕಳಚುವ ಸೆಟ್ಟು ಮಾಡಿಕೊಟ್ಟರು. ಆ ದಿನ ಊಟ ಬಿಟ್ಟು, ಮನೆಯಲ್ಲಿ ಯಾರೋ ಸತ್ತ ಹಾಗೆ ಕೂತರು. ಒಂದು ಜೊತೆ ಕೋರೆಹಲ್ಲಿಗೆ ಇಷ್ಟು ರಂಪ.

ಚಿತ್ರ ಬಂತು. ಬಲವಂತ ಮಾಡಿ ಕರೆದುಕೊಂಡು ಹೋದೆ. ಆ ನಿರ್ದೇಶಕ ಕೊಟ್ಟ ಮಾತು ಮರೆತು, ಶುರುವಿನಲ್ಲೇ ದಪ್ಪಕ್ಷರದಲ್ಲಿ ಇವರ ಹೆಸರು ಹಾಕಿಬಿಟ್ಟಿದ್ದ. ನಮ್ಮವರು ಕುರ್ಚಿಯಲ್ಲಿ ಹುದುಗಿಹೋದರು. ಸಾಲದ್ದಕ್ಕೆ ಅವರ ಪಕ್ಕದಲ್ಲೇ ನಿವೃತ್ತ ಟೀಚರಮ್ಮ ಕೂತಿದ್ದರು. ಹನ್ನೊಂದು ವರ್ಷದ ಹಿಂದೆ ಇವರ ಕೈಯಲ್ಲೇ ಪೂರ್ತಿ ಹಲ್ಲು ಕಟ್ಟಿಸಿಕೊಂಡವರು. ಆಕೆ ಹೆಸರು ಓದಿ ಇವರತ್ತ ತಿರುಗಿ ನೋಡಿದರು.

ಪಿಶಾಚಿ ಬಂತು, ಬಾಯಿ ತೆರೆಯಿತು, ಹಲ್ಲು ಕಪ್ಪಿಗೆ ಬಿತ್ತು. ಥಿಯೇಟರಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರಮ್ಮ ಹಿಂದಕ್ಕೊರಗಿ, ಬಾಯಿ ಅಗಲಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಮ್ಮವರು ಪರದೆ ಬಿಟ್ಟು ಆಕೆಯ ಬಾಯಿಯನ್ನೇ ಬಗ್ಗಿ ನೋಡುತ್ತಿದ್ದರು. ತೋಳು ಚಿವುಟಿದೆ, ಕಣ್ಣು ಕದಲಿಸಲಿಲ್ಲ. ನಾಚಿಕೆಯಿಂದ ನನಗೆ ಎದ್ದು ಹೋಗೋಣ ಎನಿಸಿತು.

ಹೊರಗೆ ಬಂದ ಮೇಲೆ "ಸಿನಿಮಾ ಹೇಗಿತ್ತು?" ಎಂದು ಕೇಳಿದೆ.

"ಮೇಲಿನದು, ಕೆಳಗಿನದು, ಎರಡೂ" ಎಂದರು. "ಒಂದಿಷ್ಟೂ ಅಲುಗಲಿಲ್ಲ."