ಅಂಟು ಹಚ್ಚದ ಪತ್ರ

ಆ ಕೆಂಪು ಪೆನ್ನನ್ನು ನಾನಿನ್ನೂ ಕ್ಷಮಿಸಿಲ್ಲ. ಸವದತ್ತಿಯ ನಮ್ಮ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಭಾನುವಾರ ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳಿಗೆ ನಾವು ಅಂಟು ಹಚ್ಚುವಂತಿರಲಿಲ್ಲ. ಮೊದಲು ವಾರ್ಡನ್ ಅಕ್ಕೋರು ಓದಬೇಕು. ಪೆನ್ನಿನ ಟೋಪಿಯನ್ನು ಹಲ್ಲಲ್ಲಿ ಕಚ್ಚಿ ತೆಗೆದು, ತಮಗೆ ಬೇಡವಾದ ಸಾಲಿಗೆ ಗೀಟೆಳೆದು, "ಮನಿಯವರಿಗೆ ಯಾಕ ಚಿಂತಿ ಹಚ್ಚತೀರವಾ?" ಎನ್ನುತ್ತಿದ್ದರು.

ಒಮ್ಮೆ ಕಟಕೋಳದ ಗೆಳತಿ, "ಅಪ್ಪಾ, ನನ್ನ ಕಣ್ಣು ಹಳದಿ ಆಗ್ಯಾವ, ಬಂದು ಕರಕೊಂಡು ಹೋಗು" ಎಂದು ಬರೆದಳು. ಅಕ್ಕೋರು ಅದನ್ನು ಹರಿದು ಹೊಸ ಹಾಳೆ ಕೊಟ್ಟರು.

"ಆರಾಮ ಅದೇನಿ ಅಂತ ಬರಿ. ಕಾಮಣಿಗೆ ನಾನ ಔಷಧ ಕೊಡತೇನಿ."

ಚರ್ಚಾಸ್ಪರ್ಧೆಯಲ್ಲಿ ಶಾಲೆಗೆ ಕಪ್ ತಂದಿದ್ದ ನಾನು ಸುಮ್ಮನಿರಲಿಲ್ಲ. "ಸುಳ್ಳು ಬರೀಬಾರದು ಅಂತ ನೀವ ಹೇಳತೀರಿ. ಮತ್ತ ಇದೇನ್ರಿ?"

"ಇದು ಸುಳ್ಳಲ್ಲ, ಸಮಾಧಾನ. ನಿನ್ನ ವಾದ ಸ್ಟೇಜಿನ ಮ್ಯಾಲ ಇಟ್ಕೋ."

ಗೆಳತಿ ಹಾಗೆಯೇ ಬರೆದಳು. ಮೂರು ವಾರದ ನಂತರ, ಭೇಟಿಯ ದಿನ ಬಂದ ಅವಳ ಅಪ್ಪ ಹಾಸಿಗೆಯಿಂದ ಏಳಲಾಗದ ಮಗಳನ್ನು ಕಂಡು, ಕಿಸೆಯಿಂದ ಪತ್ರ ತೆಗೆದು ಅಕ್ಕೋರ ಮುಂದೆ ಹಿಡಿದ.

"ಆರಾಮ ಅಂತ ಬರದಾಳಲ್ರಿ?"

ಅಕ್ಕೋರು ಅದನ್ನು ಮೊದಲ ಸಲ ನೋಡುವವರಂತೆ ಪೂರ್ತಿ ಓದಿದರು. ಪಕ್ಕದಲ್ಲಿದ್ದ ನನ್ನತ್ತ ಒಮ್ಮೆ ನೋಡಿ, ಪತ್ರವನ್ನು ಮಡಚಿ ಅವನ ಕೈಗಿಟ್ಟರು.

"ಏನ್ ಮಾಡೂದ್ರಿ, ಈ ಹುಡುಗ್ಯಾರು ಮನಿಗೆ ಖರೇ ಬರಿಯೂದ ಇಲ್ಲ."